ನಗಾರಿ ಅಕ್ಕನ ಅರ್ಧ ಕೂಗು

ಮಾರ್ಕೆಟ್ಟಿನಲ್ಲಿ ತುತ್ತೂರಿ ಅಕ್ಕ ಯಾರೆಂದು ಗೊತ್ತಿಲ್ಲದವರು ಹುಟ್ಟು ಕಿವುಡರು ಮಾತ್ರ. ಅಪ್ಪ ಅಮ್ಮ ಇಟ್ಟ ಹೆಸರೂ ಅವಳಿಗೊಂದಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದು ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟ ಮದುವೆ ಬಟ್ಟೆಯಂತೆ, ಯಾರೂ ಹೊರಗೆ ತೆಗೆಯುತ್ತಿರಲಿಲ್ಲ. ಟೊಮೇಟೊ ಮಾರುವ ಹೆಂಗಸು. ಬೆಳಗ್ಗೆ ಬಂದು ಕ್ರೇಟು ಇಳಿಸಿ, ಗೋಣಿ ಹಾಸಿ, ಕೆಳಗೆ ಸಣ್ಣವು ಮೇಲೆ ದಪ್ಪನೆಯವು ಎಂದು ರಾಶಿ ಕಟ್ಟಿ, ಗಂಟಲು ಸರಿಮಾಡಿಕೊಂಡು ಒಂದು ಕೂಗು ಹಾಕಿದಳೆಂದರೆ ಆಚೆ ರಸ್ತೆಯ ಬ್ಯಾಂಕಿನ ಗುಮಾಸ್ತನಿಗೆ ಎಣಿಕೆ ತಪ್ಪುತ್ತಿತ್ತು. ಗಂಡ ಕೈಗಾಡಿ ಎಳೆಯುವವನು. ಅವನಿಗೆ ಎಡಗಿವಿ ಅಷ್ಟಾಗಿ ಕೇಳಿಸುವುದಿಲ್ಲ. ಯಾರ ಕೃಪೆ ಎಂದು ಕೇಳಬೇಡಿ. ಅವಳು ಮಲಗುವುದು ಅವನ ಎಡಕ್ಕೆ.

ಅವಳೆದುರಿಗೆ, ಒಂದು ಓಣಿಯ ಆಚೆ, ನಗಾರಿ ಅಕ್ಕ. ಅವಳದೂ ಟೊಮೇಟೊ. ಎರಡು ಟೊಮೇಟೊ ಅಂಗಡಿಗಳನ್ನು ಎದುರುಬದುರು ಕೂರಿಸಿದ ಮಹಾನುಭಾವ ಯಾರೋ, ಅವನಿಗೆ ಬಿಟ್ಟಿ ನಾಟಕ ನೋಡುವ ಹುಚ್ಚು ಇದ್ದಿರಬೇಕು. ಒಬ್ಬಳದು ಸೀಳುವ ದನಿ, ಇನ್ನೊಬ್ಬಳದು ಗುಡುಗುವ ದನಿ. ಮೂವತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡಿಕೊಂಡೇ ತಲೆ ಬೆಳ್ಳಗೆ ಮಾಡಿಕೊಂಡರು. ಸ್ನೇಹ ಎನ್ನೋಣವೆಂದರೆ ಒಂದು ದಿನವೂ ಪಕ್ಕದಲ್ಲಿ ಕೂತು ಕಷ್ಟಸುಖ ಮಾತಾಡಿದವರಲ್ಲ. ಹಗೆ ಎನ್ನೋಣವೆಂದರೆ, ಒಬ್ಬಳು ಕಕ್ಕಸಿಗೆ ಎದ್ದು ಹೋದರೆ ಇನ್ನೊಬ್ಬಳು ಅವಳ ಅಂಗಡಿ ನೋಡಿಕೊಳ್ಳುತ್ತಿದ್ದಳು. ಜಗಳದ ಹೊತ್ತಿಗೆ ಜಗಳ, ಚಿಲ್ಲರೆಯ ಹೊತ್ತಿಗೆ ಚಿಲ್ಲರೆ.

ಆ ಮಾರ್ಕೆಟ್ಟಿಗೆ ಒಂದು ಕಟ್ಟಳೆಯಿತ್ತು. ಒಬ್ಬರ ಕೂಗು ಮುಗಿಯುವ ತನಕ ಎದುರಿನವರು ಬಾಯಿ ತೆರೆಯಬಾರದು. ಯಾರೂ ಹೇಳಿಕೊಟ್ಟದ್ದಲ್ಲ, ಮುರಿದವರ ಬೆನ್ನಿಗೆ ಎಲ್ಲಿಂದಲೋ ಕೊಳೆತ ಬದನೆಕಾಯಿ ಬಂದು ಬೀಳುತ್ತಿದ್ದುದರಿಂದ ತಾನಾಗಿ ಗೊತ್ತಾಗುತ್ತಿತ್ತು. ಈ ಕಟ್ಟಳೆ ಅನ್ವಯಿಸದ ಒಂದೇ ಪ್ರಾಣಿಯೆಂದರೆ ತುತ್ತೂರಿ. ನಗಾರಿಯ ಕೂಗು ಉದ್ದದ್ದು. "ಬನ್ನಿ ಬನ್ನಿ ಬನ್ನೀ, ಕೆಂಪು ಕೆನ್ನೆ ಟೊಮೇಟೊ, ಕೈಗೆ ಮೆತ್ತನೆ ಟೊಮೇಟೊ, ಅತ್ತೆ ಸೊಸೆ ಜಗಳ ಬಿಡಿಸೋ ಟೊಮೇಟೊ, ತಗೊಂಡು ಹೋದೋರೂ..." ಎಂದು ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ ತುತ್ತೂರಿ ಈಚೆಯಿಂದ ಬಾಯಿ ಹಾಕಿ ಮುಗಿಸಿಬಿಡುತ್ತಿದ್ದಳು: "ದಾರೀಲೇ ಎಸೆದು ಹೋದ್ರು." ಇನ್ನೊಂದು ದಿನ, "ಮಕ್ಕಳಿಗೆ ಆಡೋಕೆ ಕೊಟ್ರು." ಮತ್ತೊಂದು ದಿನ, "ಕೈ ತೊಳ್ಕೊಂಡು ಈ ಕಡೆ ಬಂದ್ರು." ದಿನಕ್ಕೊಂದು ಹೊಸದು. ಇವತ್ತಿನದು ಏನು ಎಂದು ಕೇಳುವುದಕ್ಕೇ ಜನ ಆ ಹೊತ್ತಿಗೆ ಆ ಓಣಿಗೆ ಬಂದು ನಿಲ್ಲುತ್ತಿದ್ದರು. ನಿಂತವರು ನಕ್ಕು, ನಕ್ಕ ತಪ್ಪಿಗೆ ಎರಡೂ ಕಡೆ ಒಂದೊಂದು ಕಿಲೋ ಕೊಳ್ಳುತ್ತಿದ್ದರು. ಬದನೆಕಾಯಿ ಎಸೆಯಬೇಕಾದವರೂ ಹೊಟ್ಟೆ ಹಿಡಿದುಕೊಂಡಿದ್ದ ಮೇಲೆ ಎಸೆಯುವುದು ಯಾರು?

ಹಾಗಿದ್ದ ಒಂದು ಬೆಳಗ್ಗೆ ಹಳೆಯ ಮಾರ್ಕೆಟ್ಟಿನ ಸೂರು ಬಿತ್ತು. ಮೇಲಿನ ಕಬ್ಬಿಣದ ತೊಲೆ ತುಕ್ಕು ಹಿಡಿದು ವರ್ಷಗಳಾಗಿದ್ದವು. ನೋಡಿದವರು ನೋಡಿದ್ದರು, ಹೇಳಿದವರು ಹೇಳಿದ್ದರು, ಕೇಳಬೇಕಾದವರು ಆಗಲಿ ನೋಡೋಣ ಎಂದಿದ್ದರು. ಓಣಿಯ ಆಚೆ ಬದಿಯ ಸಾಲು ಪೂರ್ತಿ ಅಡಿಯಲ್ಲಿ ಸಿಕ್ಕಿತು. ಈಚೆ ಬದಿಗೆ ಧೂಳು ಬಂತು, ಅಷ್ಟೆ. ಒಂಬತ್ತು ಜನ ಹೋದರು. ಅವರಲ್ಲಿ ನಗಾರಿ ಒಬ್ಬಳು.

ತುತ್ತೂರಿಗೆ ಆ ದಿನದ ಧೂಳಿಗಿಂತ, ಅಂಬುಲೆನ್ಸಿನ ಸದ್ದಿಗಿಂತ, ಬೇರೆಯದೇ ಒಂದು ಮುಳ್ಳಾಗಿ ಉಳಿಯಿತು. ಸೂರು ಬೀಳುವ ಮುಂಚಿನ ಕ್ಷಣದಲ್ಲಿ ನಗಾರಿ "ತಗೊಂಡು ಹೋದೋರೂ" ಎಂದಿದ್ದಳು, ಇವಳು "ಕಚ್ಚೋಕೆ ಹೋಗಿ ಹಲ್ಲು ಕಳ್ಕೊಂಡ್ರು" ಎಂದಿದ್ದಳು. ಜನ ಇನ್ನೂ ನಗುತ್ತಿರುವಾಗಲೇ ಮೇಲೆ ಕರಕರ ಎಂದಿತು. ಒಂದು ಜೀವ ಭೂಮಿಯ ಮೇಲೆ ಕೇಳಿಸಿಕೊಂಡ ಕೊನೆಯ ಮಾತು ತನ್ನ ಗೇಲಿ ಎಂಬುದು ತುತ್ತೂರಿಗೆ ಅನ್ನ ನುಂಗುವಾಗಲೂ ನೆನಪಾಗುತ್ತಿತ್ತು. ಇದನ್ನು ಅವಳು ಗಂಡನಿಗೆ ಹೇಳಲಿಲ್ಲ. ಅವನಿಗೆ ಹೇಳಬೇಕಾದರೆ ಗಟ್ಟಿಯಾಗಿ ಹೇಳಬೇಕು, ಗಟ್ಟಿಯಾಗಿ ಹೇಳುವ ಮಾತಲ್ಲ ಅದು. ಆಮೇಲೆ ಊರಾಚೆಯ ಬಯಲಿನಲ್ಲಿ ತಗಡಿನ ಶೆಡ್ಡು ಹಾಕಿ ಎಲ್ಲರಿಗೂ ಜಾಗ ಕೊಟ್ಟರು. ಅಲ್ಲಿ ತುತ್ತೂರಿ ಕೂಗಲೇ ಇಲ್ಲ. ಬಂದವರು ದರ ಕೇಳಿದರೆ ಹೇಳುವಳು, ಕೇಳದಿದ್ದರೆ ನೊಣ ಓಡಿಸುವಳು. ನಗಾರಿಯ ಗಂಡ ದರ್ಜಿ, ಅವನು ಹೊಲಿಗೆ ಅಂಗಡಿ ಇಟ್ಟಿದ್ದ ಬೀದಿಯನ್ನು ಬಿಟ್ಟು ಎರಡು ಬೀದಿ ಸುತ್ತಿಕೊಂಡು ಮನೆಗೆ ಹೋಗುವಳು.

ಇತ್ತ ನಗರಸಭೆಯವರು ಸತ್ತವರನ್ನು ನೆನೆಯಲು ಟೊಂಕ ಕಟ್ಟಿ ನಿಂತರು. ಅದಕ್ಕೆಂದೇ ಒಬ್ಬ ಸಾಹೇಬರನ್ನು ನೇಮಿಸಿದ್ದರು. ಒಳ್ಳೆಯ ಮನುಷ್ಯ, ಸಣ್ಣ ದನಿ, ಯಾವಾಗಲೂ ಕೈಯಲ್ಲೊಂದು ಕರವಸ್ತ್ರ. ಒಂಬತ್ತು ಮನೆಗೂ ತಾವೇ ನಡೆದು ಹೋಗಿ ಬಂದಿದ್ದರು, ಬರುವಾಗ ಕರವಸ್ತ್ರ ಒದ್ದೆಯಾಗಿತ್ತು. ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಅವರಿಗೆ ಇದ್ದದ್ದು ಒಂದೇ ಆಸೆ: ವರ್ಷಕ್ಕೊಮ್ಮೆ, ಆ ಹೊತ್ತಿಗೆ ಸರಿಯಾಗಿ, ಮಾರ್ಕೆಟ್ಟು ಎರಡು ನಿಮಿಷ ಮೌನವಾಗಿರಬೇಕು. ಪಾಪ, ಮೀನನ್ನು ಎರಡು ನಿಮಿಷ ಒಣಗಿರು ಎಂದು ಕೇಳಿದರೆ ಅದಾದರೂ ಒಪ್ಪೀತು.

ಮೊದಲ ವರ್ಷ ಸಾಹೇಬರು ಕೈ ಎತ್ತಿದರು, ಎಲ್ಲರೂ ತಲೆ ತಗ್ಗಿಸಿದರು. ಹೂವಿನವಳ ಫೋನು ಹಾಡತೊಡಗಿತು. ಅವಳು ಅದನ್ನು ಸೊಂಟದಿಂದ ಹುಡುಕಿ ತೆಗೆಯುವಷ್ಟರಲ್ಲಿ ಹಾಡು ಎರಡನೇ ಚರಣಕ್ಕೆ ಬಂದಿತ್ತು. ಅದು ನಿಂತಿತು ಎನ್ನುವಾಗ ತುತ್ತೂರಿಯ ಗಂಡ ತುಂಬಿದ ಗಾಡಿ ಎಳೆದುಕೊಂಡು "ದಾರಿ, ದಾರಿ" ಎನ್ನುತ್ತ ನಡುವೆ ನುಗ್ಗಿ ಬಂದ. ಅವನನ್ನು ಬೈದದ್ದಕ್ಕೆ, ಮೌನ ಮಾಡ್ತಿದ್ದೀರಂತ ನನಗೆ ಹೇಗೆ ಕೇಳಿಸಬೇಕು ಎಂದ. ಎರಡನೇ ವರ್ಷ ಸಾಹೇಬರು ಬುದ್ಧಿವಂತಿಕೆ ಮಾಡಿ ಸೈರನ್ ಇರಿಸಿದರು, ಅದು ಕೂಗಿ ನಿಂತ ಮೇಲೆ ಮೌನ ಎಂದು. ಸೈರನ್ನು ಕೂಗಿತು, ನಿಲ್ಲಿಸುವ ಗುಂಡಿ ಕೈಗೇ ಕಿತ್ತು ಬಂತು. ಊರಿನ ನಾಯಿಗಳೆಲ್ಲ ಶ್ರುತಿ ಸೇರಿಸಿದವು. ಆ ಗದ್ದಲದಲ್ಲಿ ಜನ ಮೌನವಾಗಿದ್ದರೋ ಮಾತಾಡುತ್ತಿದ್ದರೋ ದೇವರಿಗೇ ಗೊತ್ತು.

ಮೂರನೇ ವರ್ಷಕ್ಕೆ ಹಳೆಯ ಜಾಗದಲ್ಲೇ ಹೊಸ ಮಾರ್ಕೆಟ್ಟು ಎದ್ದಿತು. ಗಟ್ಟಿ ಸೂರು, ಅಗಲದ ಓಣಿ, ಪ್ರತಿ ಅಂಗಡಿಗೂ ಒಂದು ದೀಪ. ಅದರ ನಡುವೆ ಸ್ಮಾರಕ ಆಗಬೇಕು, ಏನಿರಬೇಕು ಹೇಳಿ ಎಂದು ಸಾಹೇಬರು ಅಂಗಡಿಯವರನ್ನು ಸೇರಿಸಿ ಸಭೆ ಕರೆದಿದ್ದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮಾಂಸದ ಅಂಗಡಿಯವನಿಗೆ ಕಾರಂಜಿ ಬೇಕಿತ್ತು, ಅವನಿಗೆ ತೊಳೆಯಲು ನೀರು ಸಾಲುತ್ತಿರಲಿಲ್ಲ. ಹೂವಿನವಳಿಗೆ, ದಿನಾ ಹಾರ ಹಾಕುವಂತಹದು ಏನಾದರೂ ಆಗಬಹುದಿತ್ತು. ಯಾರೋ ಒಂಬತ್ತು ಜನರದೂ ಪ್ರತಿಮೆ ಎಂದರು. ಎಲ್ಲರೂ ಒಪ್ಪಿ ಇನ್ನೇನು ಚಪ್ಪಾಳೆ ತಟ್ಟಬೇಕು, ನಗಾರಿಯ ಪ್ರತಿಮೆಗೆ ಬಾಯಿ ತೆರೆದಿರಬೇಕೋ ಮುಚ್ಚಿರಬೇಕೋ ಎಂಬ ಪ್ರಶ್ನೆ ಬಂತು. ತೆರೆದಿಟ್ಟರೆ ಗುಬ್ಬಿ ಗೂಡು ಕಟ್ಟುತ್ತದೆ ಎಂದರು ಕೆಲವರು. ಮುಚ್ಚಿಟ್ಟರೆ ಅದು ನಗಾರಿಯೇ ಅಲ್ಲ ಎಂದರು ಉಳಿದವರು. ಮಧ್ಯಾಹ್ನದ ತನಕ ಚರ್ಚೆ ನಡೆದು, ಕೊನೆಗೆ ಸಾಹೇಬರು ತಲೆ ಒತ್ತಿಕೊಂಡು, ಒಂದು ಕರಿಕಲ್ಲು ಸಾಕು ಎಂದರು.

ಕಲ್ಲು ಬಂತು. ಚೆನ್ನಾಗಿಯೇ ಇತ್ತು, ಎದುರು ನಿಂತರೆ ಮುಖ ಕಾಣುವಷ್ಟು ನುಣುಪು. ಅದರ ಮೇಲೆ ಒಂಬತ್ತು ಹೆಸರು ಕೆತ್ತಿಸಿದ್ದರು, ಸರಕಾರದ ಕಡತದಲ್ಲಿದ್ದ ಪೂರ್ತಿ ಹೆಸರು. ಮಾರ್ಕೆಟ್ಟಿನವರು ಗುಂಪುಗೂಡಿ ಓದಿದರು. ಓದಿ ಒಬ್ಬರ ಮುಖ ಒಬ್ಬರು ನೋಡಿದರು. ಈ ಮೂರನೆಯವರು ಯಾರು? ಇರಬೇಕು ಯಾರೋ ಗಿರಾಕಿ. ಐದನೆಯದು ನಮ್ಮ ನಿಂಬೆಹಣ್ಣಿನ ತಾತನದಾ? ಅವನಿಗೆ ಇಷ್ಟು ದೊಡ್ಡ ಹೆಸರಿತ್ತಾ? ತುತ್ತೂರಿ ಸೊಸೆಯ ಕೈಯಲ್ಲಿ ಎರಡು ಸಲ ಓದಿಸಿದಳು. ನಗಾರಿ ಎಲ್ಲಿದ್ದಾಳೆಂದು ಅವಳಿಗೆ ಗೊತ್ತಾಗಲಿಲ್ಲ. ಮೂವತ್ತು ವರ್ಷ ಎದುರಿಗೆ ಕೂತವಳ ಹೆಸರು ತನಗೇ ಗೊತ್ತಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು, ನಾಚಿಕೆಯಾದ ಕೂಡಲೇ ಸಿಟ್ಟು ಬಂತು. ಸಿಟ್ಟಿನಲ್ಲೇ ನೇರವಾಗಿ ಸಾಹೇಬರ ಮುಂದೆ ಹೋಗಿ ನಿಂತಳು.

"ಸಾಹೇಬ್ರೆ, ಕಲ್ಲು ನಿಮ್ದು ಇರ್ಲಿ, ಬೇಡ ಅನ್ನಲ್ಲ. ಆದ್ರೆ ಇಲ್ಲಿ ಯಾರನ್ನೂ ನಾವು ಹೆಸರಿಂದ ಕರೆದೋರಲ್ಲ, ಕೂಗಿಂದ ಗುರುತು ಹಿಡಿದೋರು. ಆ ದಿನ ಒಬ್ಬೊಬ್ರ ಕೂಗನ್ನೂ ಒಂದು ಸಲ ಕೂಗೋಣ. ಅವರು ಇದ್ರು ಅಂತ ಆಗ ಗೊತ್ತಾಗ್ತದೆ."

ಸಾಹೇಬರು ಕರವಸ್ತ್ರದಿಂದ ಹಣೆ ಒರೆಸಿಕೊಂಡರು. ಮೌನವೇ ಆಗದ ಕಡೆ ಇವಳು ಗದ್ದಲ ಕೇಳುತ್ತಿದ್ದಾಳೆ ಎನ್ನಿಸಿರಬೇಕು. ಆದರೂ ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ: ಸತ್ತವರಲ್ಲಿ ಮೂವರು ಗಿರಾಕಿಗಳು, ಚೀಲ ಹಿಡಿದು ಬಂದವರು, ಅವರಿಗೆಲ್ಲಿಯ ಕೂಗು, ಅವರನ್ನು ಬಿಟ್ಟುಬಿಡುವುದೇ? ಪಕ್ಕದಲ್ಲಿದ್ದ ಹೂವಿನವಳು ಹೂ ಕಟ್ಟುವ ಕೈ ನಿಲ್ಲಿಸದೆ ಹೇಳಿದಳು, "ಗಿರಾಕೀದೂ ಒಂದು ಕೂಗಿದೆ ಸಾಹೇಬ್ರೆ. ಇನ್ನೂ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ." ಮೂರು ವರ್ಷದಲ್ಲಿ ಸಾಹೇಬರು ನಕ್ಕದ್ದನ್ನು ಜನ ಕಂಡದ್ದು ಅವತ್ತೇ. ಮೊದಲು ಕೂಗು, ಆಮೇಲೆ ಎರಡು ನಿಮಿಷ ಮೌನ, ಅದಂತೂ ಬೇಕೇ ಬೇಕು ಎಂದು ಒಪ್ಪಿಕೊಂಡರು. ಮನೆಯವರಾಗಲಿ ಪಕ್ಕದ ಅಂಗಡಿಯವರಾಗಲಿ ಒಬ್ಬೊಬ್ಬರ ಕೂಗು ವಹಿಸಿಕೊಳ್ಳಬೇಕೆಂದಾಗ ತುತ್ತೂರಿ ಎದೆ ತಟ್ಟಿಕೊಂಡು, ನಗಾರಿಯದು ನನಗೆ ಬಿಡಿ, ನಿದ್ದೆಗಣ್ಣಲ್ಲಿ ಎಬ್ಬಿಸಿದರೂ ಹೇಳ್ತೀನಿ ಎಂದಳು. ದರ್ಜಿ ಅವತ್ತು ಅಲ್ಲಿಗೆ ಬಂದಿರಲಿಲ್ಲ.

ಮನೆಗೆ ಹೋಗಿ, ಒಲೆಯ ಮುಂದಿದ್ದ ಸೊಸೆಯನ್ನು ನಿಲ್ಲಿಸಿ, ಕೇಳು ಎಂದು ಶುರು ಮಾಡಿದಳು. ಕೆಂಪು ಕೆನ್ನೆ ಟೊಮೇಟೊ ಬಂತು, ಮೆತ್ತನೆ ಟೊಮೇಟೊ ಬಂತು, ಅತ್ತೆ ಸೊಸೆ ಜಗಳ ಬಿಡಿಸೋ ಟೊಮೇಟೊ ಎಂದಾಗ ಸೊಸೆ, ಹಾಗಾದ್ರೆ ಒಂದು ಕ್ರೇಟು ಮನೆಗೇ ಇಟ್ಕೊಳ್ಳಿ ಅತ್ತೆ ಎಂದಳು. ತುತ್ತೂರಿ ಕಣ್ಣು ಬಿಟ್ಟು ಅವಳನ್ನು ಸುಮ್ಮನಿರಿಸಿ, "ತಗೊಂಡು ಹೋದೋರೂ" ಎಂದಳು. ಎಂದವಳು ಬಾಯಿ ತೆರೆದುಕೊಂಡೇ ನಿಂತಳು. ಮುಂದೆ? ಮತ್ತೆ ಮೊದಲಿಂದ ಹೇಳಿದಳು, ಓಡಿ ಬಂದು ಹಳ್ಳ ಹಾರುವವರ ಹಾಗೆ. ಮತ್ತೆ ಅದೇ ದಡದಲ್ಲಿ ನಿಂತಳು. ಸೊಸೆ ತಣ್ಣಗೆ, ಮುಂದಿನದು ನೀವು ಹೇಳ್ತಿದ್ರಲ್ಲ ಎಂದಳು. ನಿಜವೇ. ಮುಂದಿನದನ್ನು ಸಾವಿರ ಸಲ ಇವಳೇ ಹೇಳಿದ್ದಳು. ನಗಾರಿಯ ಕೂಗಿಗೊಂದು ಕೊನೆ ಇತ್ತೇ, ಇದ್ದರೆ ಏನು ಎಂಬುದನ್ನು ಈ ಮಹಾತಾಯಿ ಒಂದು ದಿನವೂ ಕೇಳಿಸಿಕೊಂಡಿರಲಿಲ್ಲ.

ಅಲ್ಲಿಂದ ಶುರುವಾಯಿತು ಅವಳ ಪರದಾಟ. ಗೊತ್ತಿಲ್ಲ ಎಂದು ಬಾಯಿ ಬಿಟ್ಟು ಹೇಳುವ ಹಾಗಿಲ್ಲ, ಎದೆ ತಟ್ಟಿಕೊಂಡಾಗಿದೆ. ಆದ್ದರಿಂದ ಒಬ್ಬೊಬ್ಬರ ಬಳಿಯೂ ಹೋಗಿ, ನಿಮಗೆ ಜ್ಞಾಪಕ ಇದೆಯೋ ನೋಡೋಣ ಎಂದು ಪರೀಕ್ಷೆ ಮಾಡುವವಳ ಗತ್ತಿನಲ್ಲಿ ಕೇಳಿದಳು. ಮಾಂಸದ ಅಂಗಡಿಯವನು ಕತ್ತಿ ಕೆಳಗಿಟ್ಟು, ಜ್ಞಾಪಕ ಇಲ್ಲದೆ ಏನು, "ತಗೊಂಡು ಹೋದೋರು ದಾರೀಲೇ ಎಸೆದು ಹೋದ್ರು" ಎಂದ. ಹೂವಿನವಳು, "ಕೈ ತೊಳ್ಕೊಂಡು ಈ ಕಡೆ ಬಂದ್ರು" ಎಂದಳು. ಬ್ಯಾಂಕಿನ ಗುಮಾಸ್ತನಂತೂ ಏಳೆಂಟು ಒಪ್ಪಿಸಿದ, ಅದರಲ್ಲಿ ಎರಡು ಅವಳಿಗೇ ಮರೆತು ಹೋಗಿದ್ದವು. ಎಲ್ಲರೂ ನಗುನಗುತ್ತಲೇ ಹೇಳಿದರು. ಎಲ್ಲರೂ ಹೇಳಿದ್ದು ಇವಳದನ್ನೇ. ಊರಿಗೆ ಊರೇ ಇವಳನ್ನು ನೆನಪಿಟ್ಟುಕೊಂಡಿದೆ. ಸತ್ತವಳ ಬಾಯಿಂದ ಬರಬೇಕಾಗಿದ್ದ ಕೊನೆಯ ಮಾತು ಮಾತ್ರ ಒಬ್ಬರ ಬಳಿಯೂ ಇಲ್ಲ. ತಾನು ಗೆದ್ದೆ ಗೆದ್ದೆ ಎಂದುಕೊಂಡ ಮೂವತ್ತು ವರ್ಷವೂ ಅವಳಿಗೆ ಸೋಲಿನ ಲೆಕ್ಕಕ್ಕೆ ಬಂತು.

ಇನ್ನು ಉಳಿದದ್ದು ದರ್ಜಿಯೊಬ್ಬ. ಹೋಗಲೇಬೇಕು. ಬರಿಗೈಯಲ್ಲಿ ಹೇಗೆ ಹೋಗುವುದೆಂದು ಗಂಡನ ಒಳ್ಳೆಯ ಅಂಗಿಯನ್ನು ಕಂಕುಳಲ್ಲಿ ಇರುಕಿಕೊಂಡು ಹೋದಳು. ದರ್ಜಿ ಹೊಲಿಗೆ ಯಂತ್ರದಿಂದ ತಲೆ ಎತ್ತಿ ನೋಡಿ, ಬನ್ನಿ ಎಂದ. ಸಣಕಲು ಮನುಷ್ಯ, ಮಾತು ಕಡಿಮೆ. ಮಾತೆಲ್ಲ ಆ ಮನೆಯಲ್ಲಿ ಒಬ್ಬಳ ಪಾಲಿಗೇ ಹೋಗಿತ್ತೆಂದು ಜನ ತಮಾಷೆ ಮಾಡುತ್ತಿದ್ದರು. ಗೋಡೆಯ ಮೇಲೆ ನಗಾರಿಯ ಫೋಟೋ ಇತ್ತು, ಬಾಯಿ ಮುಚ್ಚಿಕೊಂಡಿದ್ದಳು. ಹಾಗಾಗಿ ಗುರುತು ಹತ್ತಲು ತುಸು ಹೊತ್ತು ಬೇಕಾಯಿತು. ತುತ್ತೂರಿ ಕೇಳಬೇಕಾದ್ದನ್ನು ಬಿಟ್ಟು, ಈ ಅಂಗಿ ತೋಳು ಉದ್ದ ಆಯ್ತು, ಸ್ವಲ್ಪ ಗಿಡ್ಡ ಮಾಡಿಕೊಡಿ ಎಂದಳು. ಅಳತೆಗೆ ಸರಿಯಾಗಿದ್ದ ಅಂಗಿ. ಅವನು ತಿರುಗಿಸಿ ನೋಡಿ ಗಿಡ್ಡ ಮಾಡಿಕೊಟ್ಟ. ನಾಲ್ಕು ದಿನ ಬಿಟ್ಟು ಧೈರ್ಯ ಕೂಡಿಸಿಕೊಂಡು ಮತ್ತೆ ಹೋದಳು. ಮತ್ತೆ ಆ ಫೋಟೋ, ಮತ್ತೆ ಅಂಗಿ, ತೋಳು ಮೊಣಕೈಗೆ ಬಂತು. ಮೂರನೇ ಸಲ ಮೊಣಕೈ ದಾಟಿ ಮೇಲೆ ಹೋಯಿತು. ಗಂಡ ಕನ್ನಡಿಯ ಮುಂದೆ ನಿಂತು ತನ್ನ ತೋಳುಗಳನ್ನು ನೋಡಿಕೊಂಡು, ಇನ್ನೊಂದು ಸಲ ನೀನು ಅಲ್ಲಿಗೆ ಹೋದ್ರೆ ಇದು ಬನಿಯನ್ನಾಗ್ತದೆ ಕಣೆ ಎಂದ.

ದಿನ ಹತ್ತಿರ ಬಂದೇ ಬಂತು. ಅತ್ತೆಯ ಮುಖ ನೋಡಲಾರದೆ ಸೊಸೆಯೇ ಒಂದು ಕೊನೆ ಕಟ್ಟಿಕೊಟ್ಟಳು: "ತಗೊಂಡು ಹೋದೋರು ನೂರು ವರ್ಷ ಬಾಳಿದ್ರು." ಕೇಳಲು ಚೆನ್ನಾಗಿತ್ತು, ತಾಳಕ್ಕೂ ಕೂತಿತು. ಯಾರಿಗೂ ಗೊತ್ತಿಲ್ಲದ ಮೇಲೆ ಯಾರು ಅಲ್ಲವೆನ್ನುತ್ತಾರೆ, ಹೇಳಿಬಿಡಿ ಅತ್ತೆ ಎಂದಳು. ತುತ್ತೂರಿ ಅದನ್ನೇ ಬಾಯಿಪಾಠ ಮಾಡಿದಳು.

ಆ ಬೆಳಗ್ಗೆ ಹೊಸ ಮಾರ್ಕೆಟ್ಟಿನಲ್ಲಿ ಎಳ್ಳು ಹಾಕಲು ಜಾಗವಿರಲಿಲ್ಲ. ಸಾಹೇಬರು ಕಲ್ಲಿನ ಪಕ್ಕ ಗಡಿಯಾರ ನೋಡಿಕೊಳ್ಳುತ್ತ ನಿಂತಿದ್ದರು. ತುತ್ತೂರಿಯ ಗಂಡ, ಈ ಸಲ ಅವನಿಗೆ ಮೊದಲೇ ಹೇಳಿಟ್ಟಿದ್ದರಿಂದ, ಗಾಡಿ ಹೊರಗೆ ನಿಲ್ಲಿಸಿ ಗಿಡ್ಡ ತೋಳಿನಲ್ಲಿ ಬಂದಿದ್ದ. ಚಾಕು ಸಾಣೆ ಹಿಡಿಯುವವನ ಕೂಗನ್ನು ಅವನ ತಮ್ಮ ಕೂಗಿದ. ನಿಂಬೆಹಣ್ಣಿನ ತಾತನದನ್ನು ಮೊಮ್ಮಗಳು ಕೂಗಿದಳು. ಅದು ತಾತನ ಕೂಗಿನಷ್ಟೇ ಕೆಟ್ಟದಾಗಿತ್ತು, ಜನ ಕಣ್ಣೊರೆಸಿಕೊಂಡರು. ಚಹಾದವನದು ಬರೀ "ಬಿಸಿ ಬಿಸಿ, ಸರಿರಿ" ಎಂದಿದ್ದದ್ದು. ಅದನ್ನು ಕೇಳಿದ ಕೂಡಲೇ ಇಡೀ ಗುಂಪು ಅಭ್ಯಾಸಬಲದಿಂದ ಎರಡು ಹೆಜ್ಜೆ ಹಿಂದೆ ಸರಿಯಿತು. ಇನ್ನಿಬ್ಬರದನ್ನು ಪಕ್ಕದ ಅಂಗಡಿಯವರು ಕೂಗಿದರು. ಗಿರಾಕಿಗಳಾಗಿದ್ದ ಮೂವರಿಗಾಗಿ ಅವರ ಮನೆಯವರು ಒಟ್ಟಿಗೆ, "ಇನ್ನೂ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ" ಎಂದರು. ಆಗ ಮಾಂಸದ ಅಂಗಡಿಯವನು, ಜೀವಮಾನದಲ್ಲಿ ಒಂದು ಕಾಸೂ ಇಳಿಸದವನು, ಆಯ್ತಮ್ಮ ಆಯ್ತು ಎಂದುಬಿಟ್ಟ.

ತುತ್ತೂರಿಯ ಸರದಿ ಬಂತು. ಅವಳು ತನ್ನ ಹೊಸ ಅಂಗಡಿಯ ಮುಂದೆ ನಿಂತು, ಎದುರುಗಡೆ ನೋಡಿದಳು. ನಗಾರಿಯ ಜಾಗವನ್ನು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ತನ್ನ ಸೀಳುದನಿಯನ್ನು ಎಷ್ಟಾಗುತ್ತದೋ ಅಷ್ಟು ದಪ್ಪ ಮಾಡಿಕೊಂಡು ಶುರು ಮಾಡಿದಳು. ಮೂರು ವರ್ಷ ಕೂಗದ ಗಂಟಲು, ಮೊದಲು ಕರಕರ ಎಂದಿತು, ಆಮೇಲೆ ಬಿಟ್ಟುಕೊಂಡಿತು. ಕೆಂಪು ಕೆನ್ನೆ ಬಂತು, ಮೆತ್ತನೆ ಬಂತು, ಅತ್ತೆ ಸೊಸೆ ಬಂದರು. "ತಗೊಂಡು ಹೋದೋರೂ..."

ಸೊಸೆ ಕಟ್ಟಿಕೊಟ್ಟದ್ದು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಎದುರಿನ ಖಾಲಿ ಜಾಗ ನೋಡುತ್ತ ಅವಳಿಗೆ, ಬದುಕಿದ್ದಾಗ ದಿನಾ ಅವಳ ಬಾಯಿಗೆ ನನ್ನ ಮಾತು ತುರುಕಿದ್ದು ಸಾಲದೆ ಸತ್ತ ಮೇಲೂ ತುರುಕಬೇಕೇ ಎನ್ನಿಸಿತು. ಬಾಯಿ ಮುಚ್ಚಿಕೊಂಡಳು. ಮಾರ್ಕೆಟ್ಟಿನ ಕಟ್ಟಳೆಯಂತೆ, ಒಬ್ಬರ ಕೂಗು ಮುಗಿಯುವ ತನಕ ಎದುರಿನವರು ಕಾಯಬೇಕಲ್ಲ, ಹಾಗೆ ಕೈಕಟ್ಟಿ ಕಾದಳು. ಮರೆತಳೇನೋ ಎಂದು ಜನ ಅವಳನ್ನು ನೋಡಿದರು. ಅವಳು ನೋಡುತ್ತಿದ್ದ ಕಡೆ ನೋಡಿದರು. ಆಮೇಲೆ ಅವರೂ ಕಾದರು. ಯಾರೂ ಗೇಲಿಯ ಕೊನೆ ಸೇರಿಸಲಿಲ್ಲ. ಫೋನು ಹಾಡಲಿಲ್ಲ, ಗಾಡಿ ಬರಲಿಲ್ಲ. ಕೋಳಿ ಅಂಗಡಿಯ ಕೋಳಿಗಳು ಮಾತ್ರ ತಮ್ಮಷ್ಟಕ್ಕೆ ಏನೋ ಗೊಣಗಿಕೊಂಡವು, ಅವಕ್ಕೆ ಯಾರೂ ಹೇಳಿರಲಿಲ್ಲ. ಸಾಹೇಬರು ಮೌನ ಎಂದು ಕೈ ಎತ್ತಲು ಹೊರಟವರು, ಕೈಯನ್ನು ಅರ್ಧಕ್ಕೇ ಇಳಿಸಿದರು. ಅವರ ಎರಡು ನಿಮಿಷ ಕೇಳದೆಯೇ ಬಂದು, ಆಗಿ, ಕಳೆದುಹೋಗಿತ್ತು.

ಸಭೆ ಚದುರಿತು. ಸಾಹೇಬರು ಕರವಸ್ತ್ರ ಹಿಂಡಿಕೊಳ್ಳುತ್ತ ಕಾರಿನ ಕಡೆ ಹೋದರು. ತುತ್ತೂರಿ ತಲೆ ತಗ್ಗಿಸಿ ಟೊಮೇಟೊ ಜೋಡಿಸುತ್ತಿದ್ದಾಗ ದರ್ಜಿ ಬಂದು ಮುಂದೆ ನಿಂತ. ಅವಳ ಕೈ ನಿಂತಿತು. ಕೊನೆ ನನಗೆ ಗೊತ್ತಿಲ್ಲ ದರ್ಜಿಯಣ್ಣ, ಅದನ್ನು ಕೇಳೋಕೇ ನಿಮ್ಮಲ್ಲಿಗೆ ಬಂದದ್ದು, ಮೂರು ಸಲ ಬಂದೆ ಎಂದಳು.

"ಗೊತ್ತು," ಎಂದ ಅವನು. "ತೋಳಿಗೋಸ್ಕರ ಬಂದದ್ದಲ್ಲ ಅಂತ ಗೊತ್ತಾಗಿತ್ತು. ನಾನೂ ಒಂದು ಮಾತು ಕೇಳ್ಬೇಕಂತಿದ್ದೆ. ನನಗೂ ಬಾಯಿ ಬರ್ಲಿಲ್ಲ."

ಮೊದಲು ಒಂದು ಕೊನೆ ಇತ್ತಂತೆ, ಮದುವೆಯಾದ ಹೊಸತರಲ್ಲಿ. ಮತ್ತೆ ಬಂದರು ಅಂತಲೋ ಏನೋ. ಅಂಥಾ ಚೆನ್ನಾಗೇನೂ ಇರಲಿಲ್ಲ ಬಿಡಿ ಎಂದ. ತುತ್ತೂರಿ ಬಾಯಿ ಹಾಕಲು ಶುರು ಮಾಡಿದ ಮೇಲೆ ನಗಾರಿ ಅದನ್ನು ಕೈಬಿಟ್ಟಳಂತೆ. ಬೇಕಂತಲೇ ಅಲ್ಲಿಗೆ ಉಸಿರೆಳೆದುಕೊಂಡು, ಇವಳಿಗೆ ದಾರಿ ಬಿಟ್ಟು ನಿಲ್ಲುತ್ತಿದ್ದಳಂತೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ, ಇವತ್ತು ಆ ಹಾಳಾದವಳು ಏನಂದಳು ಗೊತ್ತಾ ಎಂದು ಶುರು ಮಾಡುತ್ತಿದ್ದಳಂತೆ. ಹೇಳಿ ಹೇಳಿ, ನಕ್ಕು ನಕ್ಕು, ಅನ್ನ ಆರಿ ತಣ್ಣಗಾಗುತ್ತಿತ್ತಂತೆ.

"ಮೂವತ್ತು ವರ್ಷದ್ದೂ ನನಗೆ ಗೊತ್ತು ತಂಗಿ," ಎಂದ. "ಒಂದೂ ಬಿಟ್ಟಿಲ್ಲ. ಆ ದಿನದ್ದು ಮಾತ್ರ ಹೇಳೋಕೆ ಅವಳು ಬರ್ಲಿಲ್ಲ. ಆ ದಿನ ನೀವು ಏನಂದ್ರಿ?"

ತುತ್ತೂರಿ ಮೂರು ವರ್ಷ ಯಾರಿಗೂ ಹೇಳದೆ ನುಂಗಿಟ್ಟುಕೊಂಡಿದ್ದನ್ನು, ಯಾರಿಗೆ ಹೇಳಲು ಎಲ್ಲರಿಗಿಂತ ಹೆಚ್ಚು ಹೆದರಿದ್ದಳೋ ಅವನಿಗೇ, ಪಿಸುಮಾತಿನಲ್ಲಿ ಹೇಳಿದಳು. ಕಚ್ಚೋಕೆ ಹೋಗಿ ಹಲ್ಲು ಕಳ್ಕೊಂಡ್ರು.

"ಹಲ್ಲಾ," ಎಂದ ದರ್ಜಿ. ಆಮೇಲೆ ಅವನ ಸಣಕಲು ಮೈ ಅಲುಗತೊಡಗಿತು. ನಗು ತಡೆಯಲಾರದೆ ಖಾಲಿ ಕ್ರೇಟಿನ ಮೇಲೆ ಕೂತು, ಕೂತಲ್ಲೇ ನಕ್ಕು ಕಣ್ಣೊರೆಸಿಕೊಂಡು, ಮತ್ತೆ ಹಲ್ಲಾ ಎಂದು ನಕ್ಕ. ಮನೆಗೆ ಬಂದಿದ್ರೆ ಇದಕ್ಕೆ ಅವತ್ತು ಊಟವೇ ಆಗ್ತಿರಲಿಲ್ಲ ಎಂದ.

"ಅವಳು ರಾಶಿ ಹಿಂದೆ ಬಗ್ಗಿದ್ಲು," ಎಂದಳು ತುತ್ತೂರಿ. "ನಾನು ಅಂದ ಕೂಡ್ಲೆ. ಬೇಜಾರಾಯ್ತೇನೋ ಅಂದ್ಕೊಂಡೆ. ಮೂರು ವರ್ಷ ಹಾಗೇ ಅಂದ್ಕೊಂಡಿದ್ದೀನಿ."

"ನಗೋಕೆ ಬಗ್ತಿದ್ಲು," ಎಂದ ದರ್ಜಿ. "ನಿಮಗೆ ಕಂಡ್ರೆ ಕೊಬ್ತೀರಿ ಅಂತ."

ಆಗ ತುತ್ತೂರಿ ಅತ್ತಳು. ಸಣ್ಣಗೆ ಅಳುವುದು ಅವಳಿಗೆ ಎಲ್ಲಿ ಬರಬೇಕು. ಗಂಟಲಿನ ಪೂರ್ತಿ ಬಲ ಬಿಟ್ಟು ಅತ್ತಳು. ಬ್ಯಾಂಕಿನಲ್ಲಿ ಗುಮಾಸ್ತ ಎಣಿಕೆ ಬಿಟ್ಟು ಎದ್ದು ನಿಂತ. ಗಂಡನಿಗೆ ಎಡಗಿವಿಯಲ್ಲೂ ಕೇಳಿಸಿತು. ಮತ್ತೇನು ಬಿತ್ತೋ ಎಂದು ಸಾಹೇಬರು ಕಾರಿನಿಂದಿಳಿದು ಎದ್ದೆನೋ ಬಿದ್ದೆನೋ ಎಂದು ಓಡಿ ಬಂದರು. ಹೂವಿನವಳು ಅವರನ್ನು ಓಣಿಯ ಬಾಯಲ್ಲೇ ತಡೆದು, ಗಾಬರಿ ಆಗ್ಬೇಡಿ ಸಾಹೇಬ್ರೆ, ಏನೂ ಆಗಿಲ್ಲ, ನಮ್ಮಕ್ಕನಿಗೆ ದನಿ ಬಂದಿದೆ ಎಂದಳು.